ಚುಚ್ಚುವ ಮೂಲೆ

ಮೂಲೆಮಟ್ಟ ಮೇಷ್ಟ್ರು ಯಾವುದನ್ನೂ ಸುಮ್ಮನೆ ನಂಬಿದವರಲ್ಲ. ಬಾಗಿಲಿಗೆ ಬೀಗ ಹಾಕಿದರೆ ಹಿಡಿದು ಜಗ್ಗುತ್ತಾರೆ, ಮೆಟ್ಟಿಲು ಇಳಿದ ಮೇಲೆ ವಾಪಸ್ ಹತ್ತಿ ಬಂದು ಇನ್ನೊಮ್ಮೆ ಜಗ್ಗುತ್ತಾರೆ. “ಹೀಗೇ ಎಳೀತಾ ಇರಿ, ಕಳ್ಳರಿಗೆ ಕಷ್ಟವೇ ಇಲ್ಲ, ಬಾಗಿಲು ನೀವೇ ಕಿತ್ತು ಕೊಡ್ತೀರಿ” ಎಂದು ಹೆಂಡತಿ ಅನ್ನುವುದು ಕಿವಿಗೆ ಬಿದ್ದರೂ ತಲೆಗೆ ಇಳಿಯುವುದಿಲ್ಲ. ಹಾಲನ್ನು ಕಾಯಿಸುವ ಮೊದಲು ಮೂಸಿ ನೋಡುತ್ತಾರೆ, ಕಾಯಿಸಿದ ಮೇಲೂ ಮೂಸಿ ನೋಡುತ್ತಾರೆ. ಗೋಡೆ ಗಡಿಯಾರವನ್ನು ಕೈಗಡಿಯಾರದಿಂದ, ಕೈಗಡಿಯಾರವನ್ನು ಫೋನಿನಿಂದ ಸರಿನೋಡಿ, ಇವೆಲ್ಲ ಸೇರಿಕೊಂಡು ತಮಗೆ ಟೋಪಿ ಹಾಕುತ್ತಿದ್ದರೆ ಎಂದು ಬೀದಿಯಲ್ಲಿ ಹೋಗುವವರನ್ನು ಕರೆದು ಟೈಮ್ ಕೇಳುತ್ತಾರೆ.

ಇದು ಹುಟ್ಟುಗುಣವೋ ಕಸುಬು ಕಲಿಸಿದ್ದೋ ಹೇಳುವುದು ಕಷ್ಟ. ಟ್ರೈನಿಂಗ್ ಕಾಲೇಜಿನ ಫಿಟ್ಟರ್ ವರ್ಕ್‌ಶಾಪಿಗೆ ಅವರು ಮೇಷ್ಟ್ರು. ಹೊಸದಾಗಿ ಸೇರಿದವರ ಕೈಗೆ ಅಲ್ಲಿ ಮೊದಲು ಕೊಡುವುದು ಯಂತ್ರವನ್ನಲ್ಲ, ಅಂಗೈ ಅಗಲದ ಒಂದು ಕಬ್ಬಿಣದ ತುಂಡು ಮತ್ತು ಒಂದು ಅರ. ತುಂಡನ್ನು ವೈಸಿನ ದವಡೆಗೆ ಕಚ್ಚಿಸಿ, ಅರದಿಂದ ತಿಕ್ಕಿ ತಿಕ್ಕಿ ಬದಿಗಳನ್ನು ಮಟ್ಟ ಮಾಡಬೇಕು, ಮೂಲೆಗಳನ್ನು ನೇರ ಮಾಡಬೇಕು. ಅದಕ್ಕೆ ಅಲ್ಲಿ ಎಲ್ಲರೂ ಜಾಬ್ ಎನ್ನುತ್ತಾರೆ. ಮುಗಿಯಿತು ಎಂದು ತಂದವರ ಜಾಬಿಗೆ ಮೇಷ್ಟ್ರು ಎಲ್ ಆಕಾರದ ಉಕ್ಕಿನ ಮೂಲೆಮಟ್ಟವನ್ನು ಒತ್ತಿಟ್ಟು ಕಿಟಕಿಯ ಕಡೆ ಎತ್ತಿ ಹಿಡಿಯುತ್ತಾರೆ. ಎರಡರ ನಡುವೆ ಕೂದಲೆಳೆಯಷ್ಟು ಬೆಳಕು ತೂರಿ ಬಂದರೂ ಕಥೆ ಮುಗಿಯಿತು. “ಏನಪ್ಪಾ ಇದು, ನಿಮ್ಮೂರಿಗೆ ಹೋಗೋ ಬಸ್ಸು ಕಾಣ್ತಾ ಇದೆಯಲ್ಲ ಇದರೊಳಗೆ!” ಎಂದು ವಾಪಸ್ ಕೊಡುತ್ತಾರೆ. ದಿನವೆಲ್ಲ ಸಂದು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವ ಮನುಷ್ಯ ಮನೆಗೆ ಹೋದ ತಕ್ಷಣ ಕಣ್ಣು ಮುಚ್ಚಿಕೊಳ್ಳಲಿ ಎಂದರೆ ಹೇಗೆ? ಪಕ್ಕದ ಶೆಡ್ಡಿನ ವೆಲ್ಡಿಂಗ್ ಮೇಷ್ಟ್ರು ಟೀ ಕುಡಿಯುವಾಗ ಎಲ್ಲರೆದುರೂ ಆಡಿಕೊಳ್ಳುವುದುಂಟು. “ನಮ್ಮಿಬ್ಬರದೂ ಒಂದೇ ಇಲಾಖೆ ಕಣ್ರಯ್ಯಾ. ಅವರಿಗೆ ಸಂದು ಹುಡುಕೋದಕ್ಕೆ ಸಂಬಳ, ನನಗೆ ಮುಚ್ಚೋದಕ್ಕೆ.”

ಆ ವರ್ಷದ ತಂಡದಲ್ಲಿ ಒಬ್ಬ ಹೆಂಗಸು ಇದ್ದಳು. ಉಳಿದವರೆಲ್ಲ ಶಾಲೆ ಮುಗಿಸಿ ಮೀಸೆ ಚಿಗುರಿಸಿಕೊಳ್ಳುತ್ತಿದ್ದ ಹುಡುಗರು; ಆಕೆಗೆ ಮೂವತ್ತು ದಾಟಿತ್ತು. ಹುಡುಗರೆಲ್ಲ ಅಕ್ಕ ಅಂತ ಕರೆಯುತ್ತಿದ್ದರು. ಮೊದಲು ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಕೆಳಗೆ ಬಿದ್ದ ಕಬ್ಬಿಣದ ಸಿಪ್ಪೆ ಗುಡಿಸುವ ಕೆಲಸದಲ್ಲಿದ್ದಳಂತೆ. ಗುಡಿಸುವಾಗ ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಿಕೊಂಡು ನಿಂತು ಫಿಟ್ಟರ್‌ಗಳ ಕೈಯನ್ನೇ ನೋಡುತ್ತಿದ್ದವಳು, ಕೊನೆಗೆ ತಾನೂ ಆ ಕಡೆ ನಿಲ್ಲಬೇಕೆಂದು ಕೆಲಸ ಬಿಟ್ಟು ಕಾಲೇಜಿಗೆ ಬಂದಿದ್ದಳು. ಪಾಸಾದರೆ ಅದೇ ಕಾರ್ಖಾನೆ ಅವಳನ್ನು ಫಿಟ್ಟರ್ ಮಾಡಿಕೊಳ್ಳುತ್ತದೆ. ಈ ಸಲ ತಪ್ಪಿದರೆ ಮುಂದಿನ ವರ್ಷ ಕಾಲೇಜಿನ ವಯಸ್ಸಿನ ಮಿತಿ ದಾಟಿಹೋಗುತ್ತದೆ, ಮತ್ತೆ ಪೊರಕೆಯೇ ಗತಿ. ಕೊನೆಯ ಪರೀಕ್ಷೆಗೆ ಯಾರು ಕೂರಬಹುದು, ಯಾರು ಕೂರಬಾರದು ಎಂದು ಸಹಿ ಹಾಕುವವರು ಮೂಲೆಮಟ್ಟ ಮೇಷ್ಟ್ರು.

ಮೇಷ್ಟ್ರಿಗೆ ಆಕೆಯ ಮೇಲೆ ಮೊದಲ ದಿನದಿಂದಲೇ ಒಂದು ಕಣ್ಣು. ಅವಳು ಬಾಯಿ ಬಿಟ್ಟು ಏನನ್ನೂ ಕೇಳುತ್ತಿರಲಿಲ್ಲ. ಕೇಳದೆ ಕಲಿಯುವವರು ಬೇರೆ ಎಲ್ಲೋ ಕೇಳುತ್ತಾರೆ ಎಂಬುದು ಮೇಷ್ಟ್ರ ಲೆಕ್ಕಾಚಾರ. ಜೊತೆಗೆ, ಕಿಟಕಿಯ ಪಕ್ಕದಲ್ಲಿ ಒಳ್ಳೆಯ ವೈಸ್‌ಗಳು ಖಾಲಿ ಇದ್ದರೂ ಅವಳು ಹುಡುಕಿಕೊಂಡು ಹೋಗಿ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ನಿಲ್ಲುವ ವೈಸನ್ನೇ ಆರಿಸಿಕೊಂಡಿದ್ದಳು. ಬಾಗಿಲಿಗೆ ಬಂದು ನಿಂತವರಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಪ್ರಾಮಾಣಿಕರು ಬೆನ್ನು ತಿರುಗಿಸಿ ಕೆಲಸ ಮಾಡಿದ್ದನ್ನು ಮೇಷ್ಟ್ರು ತಮ್ಮ ಜನ್ಮದಲ್ಲಿ ನೋಡಿರಲಿಲ್ಲ.

ಮೊದಲ ಜಾಬ್ ಒಪ್ಪಿಸುವ ದಿನ ಅದು ನಡೆಯಿತು. ಎಲ್ಲರ ತುಂಡುಗಳನ್ನೂ ಮೇಜಿನ ಮೇಲೆ ಹರವಿಕೊಂಡು ಮೇಷ್ಟ್ರು ಒಂದೊಂದನ್ನೇ ಬೆಳಕಿಗೆ ಹಿಡಿಯುತ್ತ, ಒಂದೊಂದಕ್ಕೂ ಒಂದೊಂದು ಮಂಗಳಾರತಿ ಮಾಡುತ್ತಿದ್ದರು. ಆಕೆಯ ತುಂಡು ಕೈಗೆ ಬಂತು. ಮೂಲೆಮಟ್ಟ ಇಟ್ಟರು, ಬೆಳಕಿಲ್ಲ. ತಿರುಗಿಸಿ ಇಟ್ಟರು, ಬೆಳಕಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಎಲ್ಲಿಯೂ ಬೆಳಕಿಲ್ಲ. ಬಾಯಿಗೆ ಬಂದಿದ್ದ ಬೈಗುಳವನ್ನು ನುಂಗಿಕೊಂಡು ತುಂಡನ್ನು ಕೆಳಗಿಡುವಾಗ ಹೆಬ್ಬೆರಳಿಗೆ ಏನೋ ಚುರುಕ್ಕೆಂದು ಚುಚ್ಚಿತು. ತಿರುಗಿಸಿ ನೋಡಿದರೆ, ಎಲ್ಲ ಮೂಲೆಗಳ ಚೂಪನ್ನೂ ನಯವಾಗಿ ತೆಗೆದಿದ್ದವಳು ಅಡಿಮುಖದ ಒಂದು ಮೂಲೆಯನ್ನು ಮಾತ್ರ ಹಾಗೇ ಬಿಟ್ಟಿದ್ದಳು.

ಮೇಷ್ಟ್ರು ಹೆಬ್ಬೆರಳನ್ನು ಬಾಯಲ್ಲಿ ಇಟ್ಟುಕೊಂಡು ಹಾಗೇ ನಿಂತುಬಿಟ್ಟರು. ಬೇರೆ ಯಾರೇ ಆಗಿದ್ದರೂ ಅದು ಮರೆತುಹೋದ ಮೂಲೆ ಎಂದುಕೊಳ್ಳುತ್ತಿದ್ದರು. ಮೇಷ್ಟ್ರಿಗೆ ಗೊತ್ತಿತ್ತು, ಅದು ಮರೆವಲ್ಲ. ಲೋಕದಲ್ಲಿ ಒಬ್ಬನೇ ಒಬ್ಬ ಫಿಟ್ಟರ್ ಹಾಗೆ ಮಾಡುತ್ತಿದ್ದ. ಯಾವ ಮೂಲೆಯಿಂದ ಅಳತೆ ಶುರುಮಾಡಿದೆನೋ ಅದು ನೋಡದೆಯೂ ಹೆಬ್ಬೆರಳಿಗೆ ಗೊತ್ತಾಗಬೇಕು, ಅದಕ್ಕೆ ಅಡಿಯಲ್ಲಿ ಅದೊಂದನ್ನು ಚೂಪಾಗಿ ಬಿಡಬೇಕು, ಜಾಬ್ ಯಂತ್ರಕ್ಕೆ ಹೋಗುವ ಮುಂಚೆ ಒಂದೇ ಎಳೆತಕ್ಕೆ ತೆಗೆದರಾಯಿತು ಎನ್ನುತ್ತಿದ್ದ. ಮೇಲ್ಮೈ ಮೇಲೆ ಓರೆಯಾಗಿ ಬಿದ್ದಿದ್ದ ಕೊನೆಯ ಗೆರೆಗಳೂ ಅವನವೇ. ಒಬ್ಬರ ಅಕ್ಷರವನ್ನು ಇನ್ನೊಬ್ಬರು ಗುರುತು ಹಿಡಿಯುವ ಹಾಗೆ ಮೇಷ್ಟ್ರು ಆ ಗೆರೆಗಳನ್ನು ಗುರುತು ಹಿಡಿದರು. ಅದು ಅವರ ಒಡಹುಟ್ಟಿದ ಅಣ್ಣನ ಕೈ.

ಅಣ್ಣನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಆಗ ಇಬ್ಬರೂ ಒಂದೇ ಕಾರ್ಖಾನೆಯಲ್ಲಿ, ಒಂದೇ ಬೆಂಚಿನಲ್ಲಿ ಫಿಟ್ಟರ್‌ಗಳು. ತಮ್ಮನಿಗೆ ಅರ ಹಿಡಿಯುವುದನ್ನು ಕಲಿಸಿದವನೇ ಅಣ್ಣ. ಅಲ್ಲಿ ಒಂದು ಮಾಸ್ಟರ್ ಗೇಜು ಇತ್ತು, ಉಳಿದೆಲ್ಲ ಅಳತೆಗಳನ್ನೂ ಸರಿನೋಡುವ ಉಕ್ಕಿನ ಗೇಜು. ಅದನ್ನು ಕಪಾಟಿನಲ್ಲಿ ಬಟ್ಟೆ ಸುತ್ತಿ ಮಗುವಿನ ಹಾಗೆ ಇಡುತ್ತಿದ್ದರು. ಬೀಗದ ಕೈ ಇದ್ದದ್ದು ಈ ಅಣ್ಣ ತಮ್ಮಂದಿರ ಹತ್ತಿರ. ಒಂದು ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಗೇಜಿನ ಅಂಚು ಜಜ್ಜಿಹೋಗಿತ್ತು. ಯಾರೋ ಕೆಳಗೆ ಬೀಳಿಸಿ, ತೆಪ್ಪಗೆ ಸುತ್ತಿಟ್ಟಿದ್ದರು. ಫೋರ್‌ಮನ್ ಬಂದು ಎಲ್ಲರೆದುರು ಕೇಳಿದಾಗ ತಮ್ಮ, “ನಾನಂತೂ ಮುಟ್ಟಿಲ್ಲ” ಎಂದ. ಅಷ್ಟೇ ಅಂದದ್ದು. ಆದರೆ ಇಬ್ಬರಲ್ಲಿ ಒಬ್ಬ ಹಾಗೆಂದರೆ ಉಳಿದವನು ಯಾರು ಎಂದು ಲೆಕ್ಕ ಹಾಕಲು ಫೋರ್‌ಮನ್‌ಗೆ ಕಾಲೇಜಿನ ಓದು ಬೇಕಿರಲಿಲ್ಲ. ಅಣ್ಣ ತಮ್ಮನ ಮುಖ ನೋಡಿದ, ತುಟಿ ಬಿಚ್ಚಲಿಲ್ಲ. ಸಂಜೆಯೊಳಗೆ ಅವನ ಕೆಲಸ ಹೋಯಿತು.

ನಾನಲ್ಲ ಅಂತ ಒಂದು ಮಾತು ಹೇಳುವುದಕ್ಕೆ ಏನಾಗಿತ್ತು ಇವನಿಗೆ? ಹೇಳಲಿಲ್ಲ ಎಂದರೆ ಬೀಳಿಸಿದವನು ಇವನೇ; ಬೀಳಿಸಿ ತಮ್ಮನ ತಲೆಗೆ ಬರಲಿ ಎಂದು ಸುತ್ತಿಟ್ಟವನೂ ಇವನೇ. ಮೇಷ್ಟ್ರು ಇದನ್ನು ಮನಸ್ಸಿನಲ್ಲಿ ತಿಕ್ಕಿ ತಿಕ್ಕಿ ಒಂದು ಕಡೆಯಿಂದಲೂ ಬೆಳಕು ತೂರದ ಹಾಗೆ ಮಟ್ಟ ಮಾಡಿ ಇಟ್ಟುಕೊಂಡಿದ್ದರು. ಅಣ್ಣನ ಮಗನ ಮದುವೆಯ ಕರೆಯೋಲೆ ಬಂದಾಗ ಅದು ಯಾರ ಕೈಗೂ ಸಿಗದಂತೆ ಹರಿದು ಹಾಕಿದರು. ಈಗ ಆ ಅಣ್ಣ ರೈಲು ಹಳಿಯ ಆಚೆ ಇದ್ದಾನೆ ಎಂದಷ್ಟೇ ಗೊತ್ತು.

ಅಂದು ಮನೆಗೆ ಹೋದವರಿಗೆ ಊಟ ಸೇರಲಿಲ್ಲ. “ಎಲ್ಲಾ ಬಿಟ್ಟು ನನ್ನ ಕಣ್ಣಿಗೇ ಮಣ್ಣು ಎರಚೋಕೆ ಬಂದಿದ್ದಾನೆ ನೋಡು” ಎಂದರು.

“ಯಾರು?” ಎಂದಳು ಹೆಂಡತಿ.

“ಇನ್ಯಾರು, ಅವನೇ. ಯಾರೋ ಹೆಂಗಸಿಗೆ ಜಾಬ್ ಮಾಡಿ ಕಳಿಸ್ತಾ ಇದ್ದಾನೆ. ನನ್ನ ಮೇಜಿಗೇ ಕಳಿಸ್ತಾನಲ್ಲ, ಎಷ್ಟು ಕೊಬ್ಬು!”

ಹೆಂಡತಿ ಬಡಿಸುತ್ತಿದ್ದ ಕೈಯನ್ನು ನಿಲ್ಲಿಸಿದಳು. “ಭಾವನವರಾ? ಅಲ್ಲಾರೀ, ಅವತ್ತು ನಮ್ಮ ತವರಿನ ಕಡೆ ಮದುವೆ ಮನೇಲಿ ಯಾರೋ ಹೇಳ್ತಾ ಇದ್ರು, ಭಾವನಿಗೆ ಅದೇನೋ...”

“ಆ ಮನೆ ಸುದ್ದಿ ಈ ಮನೇಲಿ ಬೇಡ ಅಂದಿದ್ದೆ” ಎಂದು ಮೇಷ್ಟ್ರು ತಟ್ಟೆಯ ಮುಂದಿನಿಂದ ಎದ್ದರು. ಅವಳು ಹೇಳಬೇಕೆಂದಿದ್ದದ್ದನ್ನು ನುಂಗಿಕೊಂಡಳು. ಈ ಮನುಷ್ಯನ ಜೊತೆ ಬಾಳಿ ನುಂಗುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಮಾರನೆಯ ದಿನದಿಂದ ಮೇಷ್ಟ್ರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತರು. ಹೊಸ ಜಾಬಿಗೆ ತುಂಡುಗಳನ್ನು ಹಂಚುವ ಮೊದಲು ಆಕೆಗೆ ಕೊಡುವ ತುಂಡಿನ ಹಿಂಬದಿಯಲ್ಲಿ, ಅರ ತಾಗದ ಕಡೆ, ಸಣ್ಣ ಪಂಚಿನಿಂದ ಒಂದು ಚುಕ್ಕೆ ಹೊಡೆದರು. ಸೊಳ್ಳೆ ಕಚ್ಚಿದಷ್ಟು ಚುಕ್ಕೆ. ಬೇರೆ ತುಂಡು ತಂದರೆ ಚುಕ್ಕೆ ಇರುವುದಿಲ್ಲ, ಸಿಕ್ಕಿಬೀಳುತ್ತಾಳೆ. ಆಕೆ ಜಾಬ್ ಒಪ್ಪಿಸಿದಳು. ಚುಕ್ಕೆ ಇತ್ತು. ಓರೆ ಗೆರೆಗಳು ಇದ್ದವು. ಅಡಿಮುಖದ ಮೂಲೆ ಮತ್ತೆ ಚುಚ್ಚಿತು.

ಬೇರೆಯವರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ಮೇಷ್ಟ್ರಿಗೆ ಅನುಮಾನ ಇನ್ನೂ ಗಟ್ಟಿಯಾಯಿತು. ಸಂಜೆ ತುಂಡನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಬೆಳಿಗ್ಗೆ ತರುತ್ತಾಳೆ, ಇನ್ನೇನು! ಹಾಗಾಗಿ ಇನ್ನು ಮುಂದೆ ಯಾರೂ ಜಾಬನ್ನು ಹೊರಗೆ ಒಯ್ಯುವಂತಿಲ್ಲ, ಗಂಟೆ ಹೊಡೆದ ತಕ್ಷಣ ಮೇಜಿಗೆ ತಂದಿಡಬೇಕು ಎಂದು ಆಜ್ಞೆಯಾಯಿತು. ಎಲ್ಲವನ್ನೂ ತಾವೇ ಕಪಾಟಿಗೆ ತುಂಬಿ, ಬೀಗ ಹಾಕಿ, ಜಗ್ಗಿ, ಹೋಗಿ, ಬಂದು, ಮತ್ತೆ ಜಗ್ಗಿದರು. ಹುಡುಗರು ಗೊಣಗಿಕೊಂಡರು. ಆಕೆ ಮಾತ್ರ ತನ್ನ ತುಂಡನ್ನು ಬಟ್ಟೆಯಲ್ಲಿ ಒರೆಸಿ ಮೇಜಿನ ಮೇಲೆ ಇಟ್ಟು ಹೋದಳು. ಇಷ್ಟಾದರೂ ಆ ಜಾಬಿನ ಮೂಲೆ ಚುಚ್ಚುವುದು ನಿಲ್ಲಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ ಎಂದು ಮೇಷ್ಟ್ರ ತಲೆ ಓಡಿತು. ತುಂಡುಗಳು ಎರಡಿವೆ. ಒಂದು ಕಪಾಟಿನಲ್ಲಿ, ಇನ್ನೊಂದು ರೈಲು ಹಳಿಯ ಆಚೆ. ಚುಕ್ಕೆ ಗುರುತನ್ನು ಅಣ್ಣ ಕಂಡುಹಿಡಿದಿರಬೇಕು. ಅವನ ಹೆಬ್ಬೆರಳಿನಿಂದ ಯಾವ ಗುರುತು ತಪ್ಪಿಸಿಕೊಳ್ಳುತ್ತದೆ! ಅದನ್ನೂ ನಕಲು ಹೊಡೆದು ಕಳಿಸಿದ್ದಾನೆ. ಹಾಗಾದರೆ ಆ ಇನ್ನೊಂದು ತುಂಡು ಕಾಲೇಜಿನೊಳಗೆ ಬರುವುದು ಹೇಗೆ? ಮೇಷ್ಟ್ರ ಕಣ್ಣು ಅವಳ ಊಟದ ಡಬ್ಬಿಯ ಮೇಲೆ ಬಿತ್ತು.

ಮಧ್ಯಾಹ್ನ ಹುಡುಗರೆಲ್ಲ ನೋಡುತ್ತಿದ್ದ ಹಾಗೇ, “ಏನಮ್ಮಾ, ಆ ಡಬ್ಬಿ ಸ್ವಲ್ಪ ಇಲ್ಲಿ ಕೊಡು” ಎಂದರು. ಆಕೆ ಕೊಟ್ಟಳು. ಮುಚ್ಚಳ ತೆಗೆದರು. ಅನ್ನ ಇತ್ತು, ಪಲ್ಯ ಇತ್ತು. ಮೇಷ್ಟ್ರು ಚಮಚ ತೆಗೆದುಕೊಂಡು ಅನ್ನವನ್ನು ಅಡಿಯವರೆಗೆ ಕೆದಕಿದರು. ಕಬ್ಬಿಣ ಸಿಗಲಿಲ್ಲ. ವರ್ಕ್‌ಶಾಪಿನಲ್ಲಿ ಅರದ ಸದ್ದೂ ನಿಂತುಹೋಗಿತ್ತು. ಆಕೆಯ ಮುಖ ಕೆಂಪಾಗಿತ್ತು, ಆದರೆ ಧ್ವನಿ ಏರಲಿಲ್ಲ.

“ಸರ್, ಮುಚ್ಚಳ ಗಟ್ಟಿಯಾಗಿ ಹಾಕಿ. ಪಲ್ಯ ಸೋರುತ್ತೆ.”

ಒಬ್ಬ ಹುಡುಗ ಕಿಸಕ್ಕೆಂದ. ಮೇಷ್ಟ್ರಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಮನುಷ್ಯ ಒಂದೋ ತಗ್ಗುತ್ತಾನೆ, ಇಲ್ಲ ಇನ್ನೂ ಎಗರಾಡುತ್ತಾನೆ. ನಮ್ಮ ಮೇಷ್ಟ್ರು ಎರಡನೆಯ ಜಾತಿ. ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ, “ಆ ಹೆಂಗಸನ್ನ ಪರೀಕ್ಷೆಗೆ ಕೂರಿಸಲ್ಲ. ಅವಳ ಜಾಬ್ ಒಂದೂ ಅವಳದ್ದಲ್ಲ” ಎಂದುಬಿಟ್ಟರು.

ಪ್ರಿನ್ಸಿಪಾಲರು ಜಗಳ ಎಂದರೆ ಜ್ವರ ಬರಿಸಿಕೊಳ್ಳುವ ಮನುಷ್ಯ. “ಅದು ನಿಜವಾದರೆ ಹೆಸರೇ ಹೊಡೆದು ಹಾಕಬೇಕಾಗುತ್ತೆ, ಮೇಷ್ಟ್ರೇ. ಆಕೆಗೆ ಮತ್ತೆ ಸೇರೋ ವಯಸ್ಸೂ ಇಲ್ಲ. ಸಾಕ್ಷಿ ಏನಿದೆ?”

“ಸಾಕ್ಷಿ ಅಂದ್ರೆ... ಗೆರೆ. ಆ ಗೆರೆ ನನಗೆ ಗೊತ್ತು.”

“ಗೆರೆಯಾ?” ಪ್ರಿನ್ಸಿಪಾಲರು ತಮ್ಮ ಅಂಗೈ ನೋಡಿಕೊಂಡರು. ಅಲ್ಲೇ ಟೀ ಕುಡಿಯುತ್ತಿದ್ದ ವೆಲ್ಡಿಂಗ್ ಮೇಷ್ಟ್ರು ಲೋಟ ಕೆಳಗಿಟ್ಟರು. “ಇಷ್ಟಕ್ಕೆಲ್ಲ ತಲೆ ಯಾಕೆ ಕೆಡಿಸ್ಕೋತೀರಿ? ನಾಳೆ ಬೆಳಿಗ್ಗೆ ನಮ್ಮೆಲ್ಲರ ಎದುರಿಗೆ ನಿಲ್ಲಿಸಿ ಮಾಡಿಸಿ. ತುಂಡು ನೀವೇ ಕೊಡಿ, ಅರ ನೀವೇ ಕೊಡಿ. ಬಂದರೆ ಅವಳದ್ದು, ಬರದಿದ್ದರೆ ನಿಮ್ಮ ಮಾತು.”

ಮಾರನೆಯ ಬೆಳಿಗ್ಗೆ ವರ್ಕ್‌ಶಾಪಿನ ನಡುವಿನ ವೈಸಿನ ಸುತ್ತ ಜನ ಸೇರಿತು. ಪ್ರಿನ್ಸಿಪಾಲರಿಗೆ ಒಂದು ಸ್ಟೂಲು ಹಾಕಿದರು. ಮೇಷ್ಟ್ರು ಆಗ ತಾನೇ ಗರಗಸದಲ್ಲಿ ಕೊಯ್ದ ಬಿಸಿ ಬಿಸಿ ತುಂಡನ್ನು ತಂದು ಆಕೆಯ ಕೈಗೆ ಕೊಟ್ಟರು. ಒಳಗೊಳಗೇ ಅವರಿಗೆ ಖುಷಿಯಾಗಿತ್ತು. ಇವತ್ತು ಸಿಕ್ಕಿಬಿದ್ದಳು. ಅವಳು ಮಾತ್ರವಲ್ಲ, ರೈಲು ಹಳಿಯ ಆಚೆ ಇರುವವನೂ.

ಆಕೆ ತುಂಡನ್ನು ವೈಸಿಗೆ ಕಚ್ಚಿಸಿದಳು. ಅರದ ಹಲ್ಲುಗಳಿಗೆ ಸೀಮೆಸುಣ್ಣ ತಿಕ್ಕಿದಳು. ಒಂದು ಕ್ಷಣ ಮೂಲೆಯ ಗೋಡೆಯ ಕಡೆ ನೋಡಿ, “ಸರ್, ಅಲ್ಲಿ ಮಾಡಲಾ?” ಎಂದು ಕೇಳಿದಳು.

“ಯಾಕೆ, ಇಲ್ಲಿ ಏನಾಗುತ್ತೆ?” ಎಂದು ಮೇಷ್ಟ್ರು ಗದರಿದರು.

“ಅಲ್ಲಿ ಗೋಡೆಗೆ ಬಡಿದು ಅರದ ಸದ್ದು ವಾಪಸ್ ಬರುತ್ತೆ. ಚೆನ್ನಾಗಿ ಕೇಳುತ್ತೆ. ಇಲ್ಲೂ ಪರವಾಗಿಲ್ಲ ಬಿಡಿ.”

ಸದ್ದು ಕೇಳಿಕೊಂಡು ಅರ ತಿಕ್ಕುವವರನ್ನು ಮೇಷ್ಟ್ರು ಕಂಡಿರಲಿಲ್ಲ. ಇದೂ ಒಂದು ನಾಟಕ ಎಂದುಕೊಂಡು ತುಟಿ ಕೊಂಕಿಸಿದರು. ಆಕೆ ಎಡಗಾಲು ಮುಂದಿಟ್ಟು ನಿಂತಳು. ಮೊದಲ ತಳ್ಳುವಿಕೆಗೇ ಅವಳ ಹಿಂದಿನ ಹಿಮ್ಮಡಿ ನೆಲದಿಂದ ಒಂದಿಷ್ಟು ಮೇಲೆದ್ದಿತು, ಎಳೆಯುವಾಗ ಕೆಳಗಿಳಿಯಿತು. ಮೇಷ್ಟ್ರ ತುಟಿ ಕೊಂಕಿದ್ದು ಹಾಗೇ ಉಳಿಯಿತು. ಆ ಹಿಮ್ಮಡಿಯನ್ನು ಅವರು ಬೆಂಚಿನಲ್ಲಿ ಪಕ್ಕದಲ್ಲೇ ನಿಂತು ಎಷ್ಟು ವರ್ಷ ನೋಡಿದ್ದರು! ಬಿದ್ದ ಪುಡಿಯನ್ನು ಹುಡುಗರೆಲ್ಲ ಬಾಯಲ್ಲಿ ಊದಿದರೆ ಆಕೆ ಮಣಿಕಟ್ಟಿನ ಒಳಬದಿಯಿಂದ ಸವರಿ ತೆಗೆದಳು. ಅದೂ ಅವನೇ. ನಡುವೆ ಒಮ್ಮೆ ಕಣ್ಣು ಮುಚ್ಚಿ, ಅರದ ಸದ್ದಿಗೆ ಕಿವಿಗೊಟ್ಟು, ತುದಿ ತಗ್ಗಿದ್ದ ಅರವನ್ನು ತಾನೇ ಸರಿಮಾಡಿಕೊಂಡಳು. ಇದು ಮಾತ್ರ ಅಣ್ಣನದಲ್ಲ. ಅಣ್ಣ ಯಾವತ್ತೂ ಕಣ್ಣು ಮುಚ್ಚಿದವನಲ್ಲ.

ಪ್ರಿನ್ಸಿಪಾಲರು ಕೂಡ ಆಕಳಿಸಲಿಲ್ಲ. ಕೊನೆಗೆ ಓರೆ ಗೆರೆಗಳನ್ನು ಎಳೆದು, ಮೂಲೆಗಳ ಚೂಪನ್ನು ತೆಗೆದು, ಅಡಿಯ ಒಂದನ್ನು ಬಿಟ್ಟು, ಆಕೆ ತುಂಡನ್ನು ಒರೆಸಿ ಮೇಷ್ಟ್ರ ಕೈಗೆ ಕೊಟ್ಟಳು. ಮೂಲೆಮಟ್ಟ ಇಟ್ಟು ಕಿಟಕಿಗೆ ಹಿಡಿದರು. ವೆಲ್ಡಿಂಗ್ ಮೇಷ್ಟ್ರು ಭುಜದ ಮೇಲಿಂದ ಇಣುಕಿ, “ಯಾವ ಬಸ್ಸೂ ಕಾಣ್ತಾ ಇಲ್ಲವಲ್ರೀ” ಎಂದರು.

“ಯಾರು ಕಲಿಸಿದ್ದು?” ಮೇಷ್ಟ್ರು ತುಂಡನ್ನು ಕೆಳಗಿಡದೆಯೇ ಕೇಳಿದರು.

ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ನಮ್ಮ ಮಾವ. ನನ್ನ ಗಂಡನ ಅಪ್ಪ. ಹೆಸರು ಹೇಳಬೇಡ ಅಂದಿದ್ರು. ನಿಮಗೆ ಗೊತ್ತಾದರೆ ನೆಂಟಸ್ತಿಕೆಗೆ ಪಾಸು ಮಾಡಿದ ಅಂತ ಮಾತು ಬರುತ್ತೆ, ಇಲ್ಲ ಹಳೇ ಸಿಟ್ಟಿಗೆ ಫೇಲು ಮಾಡಿದ ಅಂತ ಬರುತ್ತೆ. ಎರಡೂ ಬೇಡ, ಅವನು ಅಳತೆ ನೋಡಲಿ ಅಂದ್ರು.”

ಹರಿದು ಹಾಕಿದ ಕರೆಯೋಲೆಯ ಸೊಸೆ ಇವಳು. ಆದರೂ ಹಳೆಯ ಚಾಳಿ ಎಲ್ಲಿ ಹೋಗುತ್ತದೆ? “ಇದು ಸರಿ. ಮೊದಲನೇ ಜಾಬ್? ಆಗ ನೀನು ಮನೆಗೆ ತಗೊಂಡು ಹೋಗ್ತಿದ್ದೆ. ಅದನ್ನ ಅವನೇ ಮಾಡಿಕೊಟ್ಟಿರಬೇಕಲ್ಲ?”

ಆಕೆ ಮೇಷ್ಟ್ರ ಮುಖವನ್ನು ಅರ್ಥವಾಗದವಳ ಹಾಗೆ ನೋಡಿದಳು. “ಮಾವ ಹೇಗೆ ಮಾಡ್ತಾರೆ ಸರ್? ಅವರಿಗೆ ಬಲಗೈ ಬಿದ್ದುಹೋಗಿದೆಯಲ್ಲ. ಲಕ್ವ ಹೊಡೆದು ನಾನು ಮದುವೆಯಾಗಿ ಬಂದ ವರ್ಷವೇ ಹೋಯ್ತು. ಅರ ಹಿಡಿಯೋದಿರಲಿ, ತುತ್ತು ಎತ್ತೋಕೂ ಆಗಲ್ಲ. ಪಕ್ಕದಲ್ಲಿ ಕೂತು ಸದ್ದು ಕೇಳಿ ಹೇಳ್ತಾರೆ, ಈಗ ಏರಿತು, ಈಗ ಇಳೀತು ಅಂತ. ಹಾಗೇ ಕಲಿತದ್ದು.” ತಗ್ಗಿದ ಧ್ವನಿಯಲ್ಲಿ ಕೇಳಿದಳು. “ನಿಮಗೆ ಗೊತ್ತಿರಲಿಲ್ವಾ?”

ಗೊತ್ತಿರಲಿಲ್ಲ. ಲೋಕವನ್ನೆಲ್ಲ ಅಳೆದು ನೋಡುತ್ತಿದ್ದ ಮೇಷ್ಟ್ರಿಗೆ ಸ್ವಂತ ಅಣ್ಣನ ಕೈ ಇಲ್ಲವಾದದ್ದು ಗೊತ್ತಿರಲಿಲ್ಲ. ಹೇಳಲು ಬಂದ ಹೆಂಡತಿಯ ಬಾಯಿಯನ್ನು ತಾವೇ ಮುಚ್ಚಿಸಿದ್ದರು. ಅವರಿಗೆ ಅಳು ಬಂತು, ಎಲ್ಲರೆದುರು ಅಳಬಾರದೆಂದು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. ಆಮೇಲೆ ಪೆನ್ನು ಕೇಳಿ ಪಡೆದು, ಅವಳನ್ನು ಪರೀಕ್ಷೆಗೆ ಕೂರಿಸಲು ಸಹಿ ಹಾಕಿದರು.

ಸಂಜೆ ಗಂಟೆ ಹೊಡೆದ ಮೇಲೆ ಆಕೆಯ ಹಿಂದೆಯೇ ರೈಲು ಹಳಿ ದಾಟಿದರು. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಡಬ್ಬಿ ಕೆದಕಿದವರ ಜೊತೆ ಏನು ಮಾತಾಡುವುದು? ಆಕೆಯ ಮೌನದಲ್ಲಿ ಸಿಟ್ಟು ಇನ್ನೂ ಇತ್ತು, ಇರಬೇಕಾದದ್ದೇ. ಮೇಷ್ಟ್ರನ್ನೂ ಹಳೆಯ ಅನುಮಾನ ಬಿಟ್ಟಿರಲಿಲ್ಲ. ಕೈ ಬಿದ್ದುಹೋದ ಮಾತ್ರಕ್ಕೆ ಅವತ್ತು ಮಾಡಿದ್ದು ಅಳಿಸಿಹೋಗುತ್ತದೆಯೇ? ಗೇಜು ಬೀಳಿಸಿದವನು ಅವನೇ ತಾನೇ? ಕೇಳಿಯೇಬಿಡುವುದು ಎಂದುಕೊಂಡರು.

ಮನೆ ಚಿಕ್ಕದು. ಹೊರಗಿನ ಜಗಲಿಯಲ್ಲಿ ಹಳೆಯ ಮೇಜಿಗೆ ಒಂದು ವೈಸ್ ಬಿಗಿದಿತ್ತು, ಅದರ ಪಕ್ಕದ ಕುರ್ಚಿಯಲ್ಲಿ ಅಣ್ಣ ಕೂತಿದ್ದ. ಬಲಗೈ ತೊಡೆಯ ಮೇಲೆ ಯಾರೋ ಮರೆತು ಇಟ್ಟುಹೋದ ಸಾಮಾನಿನ ಹಾಗೆ ಬಿದ್ದಿತ್ತು. ತಮ್ಮನನ್ನು ನೋಡಿದ. ಏಳಲಿಲ್ಲ, ಬಾ ಅನ್ನಲಿಲ್ಲ.

“ಒಳಗೆ ಬನ್ನಿ ಚಿಕ್ಕಮಾವ” ಎಂದವಳು ಸೊಸೆಯೇ. ಮೇಷ್ಟ್ರು ಜಗಲಿಯಲ್ಲೇ ನಿಂತರು. ಆಕೆ ಜಾಬನ್ನು ಮಾವನ ಎಡಗೈಗೆ ಕೊಟ್ಟು ನೀರು ತರಲು ಹೋದಳು. ಅಣ್ಣ ಹೆಬ್ಬೆರಳಿನಿಂದ ಅಡಿಯ ಮೂಲೆಯನ್ನು ಸವರಿದ.

“ಬೆಳಕು ಕಂಡಿತಾ?” ಮಾತು ಒಂದು ಕಡೆ ಎಳೆಯುತ್ತಿತ್ತು.

“ಇಲ್ಲ.”

“ಚೆನ್ನಾಗಿ ನೋಡಿದೆಯಾ? ನಿನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ.”

“ನೋಡಿದೆ. ಸಹಿ ಹಾಕಿದೆ.”

“ಮೂಲೆ ಚುಚ್ಚಿತಾ?”

“ಚುಚ್ಚಿತು.”

“ಚುಚ್ಚಲಿ ಅಂತಲೇ ಬಿಡಿಸಿದ್ದು” ಎಂದ ಅಣ್ಣ. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದ. “ಇನ್ನೇನೋ ಕೇಳೋಕೆ ಬಂದಿದ್ದೀಯ. ನೀನು ಸುಮ್ಮನೆ ಬರೋನಲ್ಲ. ಕೇಳು.”

ಮೇಷ್ಟ್ರು ನಿಂತಲ್ಲಿಂದಲೇ ಕೇಳಿದರು. “ಅವತ್ತು ಫೋರ್‌ಮನ್ ಕೇಳಿದಾಗ ನೀನ್ಯಾಕೆ ನಾನಲ್ಲ ಅನ್ನಲಿಲ್ಲ?”

ಅಣ್ಣ ತುಂಡನ್ನು ಮೇಜಿನ ಮೇಲೆ ಇಟ್ಟ. “ಹೇಗೆ ಅನ್ನಲಿ? ನೀನು ‘ನಾನಂತೂ ಮುಟ್ಟಿಲ್ಲ’ ಅಂದೆಯಲ್ಲ, ಆಗ ನಿನ್ನ ಕೈ ಗಡಗಡ ನಡುಗ್ತಾ ಇತ್ತು. ಬೀಳಿಸಿದ್ದು ನೀನೇ ಅಂದ್ಕೊಂಡೆ. ಆಗ ತಾನೇ ಮದುವೆಯಾಗಿತ್ತು ನಿನಗೆ. ನಾನಲ್ಲ ಅಂದರೆ ನೀನು ಅಂತ ಆಗ್ತಿತ್ತು. ಸುಮ್ಮನಾದೆ.”

ಮೇಷ್ಟ್ರು ಜಗಲಿಯ ಅಂಚಿನಲ್ಲಿ ಕೂತರು. “ಹೆದರಿಕೆಗೆ ನಡುಗಿದ್ದು ಅಣ್ಣ. ನಾನು ಬೀಳಿಸಿಲ್ಲ.”

“ನಾನೂ ಬೀಳಿಸಿಲ್ಲ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ನಂಬುವುದು ಕಷ್ಟವಾಗಿತ್ತು. ಇಷ್ಟು ವರ್ಷ ಒಂದು ಲೆಕ್ಕವನ್ನು ಗಟ್ಟಿಯಾಗಿ ಹಿಡಿದುಕೊಂಡವರು, ಅದನ್ನು ಒಂದು ಗಳಿಗೆಯಲ್ಲಿ ಬಿಡಲಾರರು. ಕೊನೆಗೆ ಅಣ್ಣನೇ, “ಫೋರ್‌ಮನ್ ಹತ್ತಿರ ಇನ್ನೊಂದು ಬೀಗದ ಕೈ ಇತ್ತಾ?” ಎಂದ.

“ಇತ್ತಾ?”

“ನನಗೇನು ಗೊತ್ತು? ನಿನ್ನನ್ನ ಕೇಳ್ತಾ ಇದ್ದೀನಿ.”

ಫೋರ್‌ಮನ್ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಊರನ್ನೆಲ್ಲ ಅನುಮಾನಿಸಿದ ಮೇಷ್ಟ್ರು ಆ ಒಬ್ಬನನ್ನು ಮಾತ್ರ ಯಾವತ್ತೂ ಅನುಮಾನಿಸಿರಲಿಲ್ಲ. ಅಣ್ಣ ಬಾಯಿಯ ಒಂದೇ ಬದಿಯಲ್ಲಿ ನಕ್ಕ. ಮೇಷ್ಟ್ರು ನಗಲಿಲ್ಲ. ಮುಖ ಮುಚ್ಚಿಕೊಂಡು, ಕನ್ನಡಕದ ನೆಪವೂ ಇಲ್ಲದೆ, ಅತ್ತರು. ಸೊಸೆ ನೀರಿನ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

ಆ ಹೊತ್ತಿಗೆ ಮೇಷ್ಟ್ರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ. “ಎಲ್ಲಿದ್ದೀರಿ? ಇಷ್ಟು ಹೊತ್ತಾಯ್ತು!”

“ಅಣ್ಣನ ಮನೇಲಿ.”

“ಯಾವ ಅಣ್ಣ? ನಿಜ ಹೇಳಿ, ಏನಾಗಿದೆ ನಿಮಗೆ? ಯಾಕೆ ಧ್ವನಿ ಹೀಗಿದೆ? ಆಸ್ಪತ್ರೆಯಲ್ಲಿದ್ದೀರಾ?”

“ಇಲ್ಲ ಕಣೇ. ಅಣ್ಣನ ಮನೇಲೇ.”

“ನಾನು ನಂಬಲ್ಲ. ಭಾವನೇ ಆಗಿದ್ರೆ ಫೋನು ಅವರ ಕೈಗೆ ಕೊಡಿ, ನೋಡೋಣ.”

ಮೇಷ್ಟ್ರು ಎದ್ದು ಹೋಗಿ ಫೋನನ್ನು ಅಣ್ಣನ ಕಡೆ ಚಾಚಿದರು, ಅಭ್ಯಾಸಬಲದಿಂದ ಅವನ ಬಲಗೈ ಕಡೆಗೇ. ಆ ಕೈ ಅಲುಗಲಿಲ್ಲ. ಅಣ್ಣ ತಮ್ಮನನ್ನು ನೋಡಿದ. ಆಗ ಮೇಷ್ಟ್ರು ಕುರ್ಚಿಯ ಪಕ್ಕದಲ್ಲಿ ಬಗ್ಗಿ, ಫೋನನ್ನು ತಾವೇ ಅವನ ಕಿವಿಗೆ ಹಿಡಿದರು.

“ನಾನೇ ಕಣಮ್ಮಾ, ಭಾವ” ಎಂದ ಅಣ್ಣ. ಆ ಕಡೆ ಅವಳು ಅಳುವುದು ಜಗಲಿಯವರೆಗೂ ಕೇಳಿಸಿತು. ಅಣ್ಣ ಸಮಾಧಾನ ಮಾಡುತ್ತ ಎಳೆದ ಮಾತಿನಲ್ಲಿ ಬಹಳ ಹೊತ್ತು ಮಾತಾಡಿದ. ಬಗ್ಗಿದ ಮೇಷ್ಟ್ರ ಸೊಂಟ ನೋಯತೊಡಗಿತು, ತೋಳು ಸೋತಿತು. ಮಾತು ಮುಗಿಯುವವರೆಗೆ ಅವರು ಕೈ ಬದಲಿಸಲಿಲ್ಲ.